ಹೇಳಿದ್ದನ್ನೆಲ್ಲ ಬರೆದುಕೊಂಡವಳು

ಜೂನ್ ೧೯

ಕಡ್ಡಿಗೆ,

ವಿಷಯ: ನೀನು ಫೋನ್ ಕುಕ್ಕಿದ್ದು.

‘ವಿಷಯ’ ಅಂತ ಶುರು ಮಾಡಿದ್ದಕ್ಕೆ ನಗಬೇಡ. ಅರ್ಧ ಆಯುಷ್ಯ ಲಾಯರ ಆಫೀಸಿನಲ್ಲಿ ಸ್ಟೆನೋ ಆಗಿ ಕೂತವಳ ಕೈ ಇದು, ಹಾಳೆ ಕಂಡರೆ ತಾನಾಗಿಯೇ ‘ವಿಷಯ’ ಬರೆದುಬಿಡುತ್ತೆ. “ಫೋನಲ್ಲಿ ನಿನ್ನ ಜೊತೆ ಮಾತಾಡಿದ್ರೆ ಜಗಳಾನೇ ಆಗೋದು, ಏನಿದ್ರೂ ಕಾಗದ ಬರಿ” ಅಂತ ಕಿರುಚಿದೆಯಲ್ಲ, ತಗೋ, ಬರೀತಿದೀನಿ.

ನಾನು ನಿನ್ನ ವಿಷಯ ಎತ್ತೋಕೆ ಫೋನ್ ಮಾಡಿರಲೇ ಇಲ್ಲ ಕಣೇ. ನೀನು ಡಿಗ್ರಿ ಕೊನೇ ವರ್ಷಕ್ಕೆ ಕೈ ಮುಗಿದು ಬೇಕರಿ ಕೆಲಸಕ್ಕೆ ಅಷ್ಟು ದೂರ ಹೋಗಿದ್ದರ ಬಗ್ಗೆ ನಾನು ತುಟಿ ಪಿಟಕ್ ಅಂದಿಲ್ಲ. ‘ಕಾಲೇಜು’ ಅನ್ನೋ ಮಾತು ನನ್ನ ಬಾಯಿಂದ ಬಿದ್ದಿದ್ದೇ ತಡ, ಕುಕ್ಕಿದೆ. ನಾನು ಹೇಳ್ತಾ ಇದ್ದಿದ್ದು ನನ್ನ ಕಾಲೇಜು. ನಾನು ಸಂಜೆ ಕಾಲೇಜಿಗೆ ಸೇರಿದೀನಿ. ಬಿ.ಎ.

ನಮ್ಮಪ್ಪ ಹಾಸಿಗೆ ಹಿಡಿದಾಗ ಎರಡನೇ ವರ್ಷದ ಮಧ್ಯೆ ನನ್ನನ್ನು ಬಿಡಿಸಿ ಟೈಪಿಂಗಿಗೆ ಹಾಕಿದ್ದು ನಿನಗೆ ಗೊತ್ತಲ್ಲ. ಪಾಸಾಗಿದ್ದ ಮೊದಲನೇ ವರ್ಷದ ಅಂಕಪಟ್ಟಿ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಕೌಂಟರಿನವನು ಅದನ್ನು ಸತ್ತ ಇಲಿ ಎತ್ತಿದ ಹಾಗೆ ಎರಡು ಬೆರಳಲ್ಲಿ ಎತ್ತಿ, “ಇದೆಲ್ಲ ನಡೆಯಲ್ಲಮ್ಮ, ಮೊದಲಿಂದ ಶುರು ಮಾಡಿ” ಅಂದ. ಅದಕ್ಕೂ ಮುಂಚೆ “ಮಗಳು ಬಂದಿಲ್ವಾ? ಅವಳ ಸಹಿ ಬೇಕು” ಅಂದಿದ್ದ. ಮೈಯೆಲ್ಲ ಉರಿದುಹೋಯ್ತು.

ಮೊದಲನೇ ದಿನ ಕ್ಲಾಸಿಗೆ ಕಾಲಿಟ್ಟರೆ ಎಲ್ಲರೂ ದಡಬಡ ಎದ್ದು ನಿಂತರು. ಹೊಸ ಲೆಕ್ಚರರು ಅಂದುಕೊಂಡರಂತೆ! “ಕೂತ್ಕೊಳ್ರಪ್ಪ, ನಾನೂ ನಿಮ್ಮಂಥೋಳೇ” ಅಂದೆ. ಸಪ್ಪೆ ಮುಖ ಹಾಕಿಕೊಂಡು ಕೂತರು. ಆಮೇಲೆ ನಿಜವಾದ ಲೆಕ್ಚರರು ಬಂದಾಗ ಒಬ್ಬರೂ ಏಳಲಿಲ್ಲ, ಮೋಸ ಹೋಗಿದ್ದು ಸಾಕಾಗಿತ್ತು ಅಂತ ಕಾಣುತ್ತೆ. ಬೆಂಚಿಗೂ ಡೆಸ್ಕಿಗೂ ನಡುವೆ ನನ್ನ ಮಂಡಿ ಹಿಡಿಸೋಲ್ಲ.

ಮನೆಯ ಕಥೆ ಕೇಳಬೇಡ. ನಿಮ್ಮಜ್ಜಿ ನಾನು ಎದುರಿಗಿದ್ದರೂ ನಿಮ್ಮಪ್ಪನನ್ನು ಕೇಳ್ತಾರೆ, “ಈ ವಯಸ್ಸಲ್ಲಿ ಓದಿ ಏನು ಗುಡ್ಡೆ ಹಾಕ್ತಾಳಂತೆ?” ನಿಮ್ಮಪ್ಪ ಬಸ್ ಡಿಪೋದಿಂದ ಬಂದು ಕೈಯ ಗ್ರೀಸು ತಿಕ್ಕುತ್ತಾ, “ಓದಲಿ ಬಿಡಮ್ಮ, ಟಿ.ವಿ. ಸದ್ದಾದ್ರೂ ಕಮ್ಮಿ ಆಗುತ್ತೆ” ಅಂತಾರೆ. ಇದು ಬೆಂಬಲವೋ ಕುಹಕವೋ ನೀನೇ ಹೇಳು.

ಇಂತಿ,
ಪ್ರಥಮ ಬಿ.ಎ. ವಿದ್ಯಾರ್ಥಿನಿ
(ನಿನ್ನ ಅಮ್ಮ)

ಜುಲೈ ೪

ಅಮ್ಮಾ,

ಅಬ್ಬಬ್ಬಾ! ನೀನು ಕಾಲೇಜಿಗೆ, ನಾನು ಬೇಕರಿಗೆ. ಅದಲು ಬದಲು ಕಂಚಿ ಕದಲು.

ಖುಷಿ ಆಯ್ತು, ನಿಜವಾಗಲೂ. ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ನನಗೆ ಬುದ್ಧಿ ಕಲಿಸೋಕೆ ಅಂತ ಓದಬೇಡ. “ನೋಡು, ಈ ವಯಸ್ಸಲ್ಲಿ ನಾನೇ ಓದ್ತಿದೀನಿ, ನಿನಗೇನಾಗಿದೆ ಧಾಡಿ” ಅನ್ನೋ ಕಾಗದ ಬಂದರೆ ಒಲೆಗೆ ಹಾಕ್ತೀನಿ. ಇಲ್ಲಿ ಒಲೆಗೇನೂ ಬರ ಇಲ್ಲ.

ನಾನು ಬೆಳಕು ಹರಿಯೋಕೆ ಮುಂಚೆ ಎದ್ದು ಹಿಟ್ಟು ನಾದ್ತೀನಿ. ಮೊದಮೊದಲು ಭುಜ ಬಿದ್ದುಹೋಗ್ತಿತ್ತು, ಈಗ ಹಿಟ್ಟು ಮುಟ್ಟಿದ್ರೇ ಸಾಕು, ಉಬ್ಬಿದೆಯೋ ಇಲ್ಲವೋ ಗೊತ್ತಾಗುತ್ತೆ. ಮೊಣಕೈ ಹತ್ತಿರ ಟ್ರೇ ತಗುಲಿ ಒಂದು ಬರೆ ಬಿದ್ದಿದೆ. ಯಜಮಾನಿ ಬಾಯಿ ಜೋರು, ಸಂಬಳ ಮಾತ್ರ ಸರಿಯಾಗಿ ಕೊಡ್ತಾರೆ. ಅಪ್ಪ ಕೇಳಿದ್ರೆ ಇಷ್ಟು ಹೇಳು. ಬರೆ ವಿಷಯ ಬೇಡ.

ಕೌಂಟರಿನವನಿಗೆ ನನ್ನ ಕಡೆಯಿಂದ ಎರಡು ಬೈಗುಳ ಸೇರಿಸಿ ಬೈದುಬಿಡು.

ಇಂತಿ,
ಕಡ್ಡಿ
(ಈಗ ಅಷ್ಟೇನೂ ಕಡ್ಡಿಯಲ್ಲ. ಮುರಿದ ಬನ್ನೆಲ್ಲ ನಮ್ಮ ಹೊಟ್ಟೆಗೇ.)

ಆಗಸ್ಟ್ ೨೩

ಕಡ್ಡಿಗೆ,

ವಿಷಯ: ನನ್ನ ಕೀರ್ತಿ ಮತ್ತು ಅಪಕೀರ್ತಿ.

ಮೊದಲು ಕೀರ್ತಿ. ಸಮಾಜಶಾಸ್ತ್ರದ ಮೇಷ್ಟ್ರು ಬಾಯಿ ಬಿಟ್ಟರೆ ನನ್ನ ಪೆನ್ಸಿಲು ಓಡುತ್ತೆ. ಶಾರ್ಟ್‌ಹ್ಯಾಂಡಿನಲ್ಲಿ ಒಂದು ಮಾತೂ ಬಿಡದೆ ಹಿಡೀತೀನಿ. ಮಾರನೇ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಅದನ್ನು ಟೈಪ್ ಮಾಡ್ತೀನಿ. ಈಗ ಕ್ಲಾಸಿನವರೆಲ್ಲ ಅದರ ಜೆರಾಕ್ಸೇ ಓದೋದು. ಮುಂಚೆ ನನ್ನ ಪಕ್ಕ ಕೂರೋಕೆ ಹಿಂದೆಮುಂದೆ ನೋಡ್ತಿದ್ದ ಹುಡುಗೀರು ಈಗ “ಆಂಟಿ, ಆಂಟಿ” ಅಂತ ಜಾಗ ಹಿಡಿದಿಡ್ತಾರೆ.

ನಿನಗೆ ನಮ್ಮ ಲಾಯರ ಡಿಕ್ಟೇಷನ್ ನೆನಪಿದೆಯಾ? “ಆದಕಾರಣ ಸದರಿ ಕಕ್ಷಿದಾರರು, ಆ ಕಿಟಕಿ ಹಾಕಮ್ಮ ಧೂಳು, ತಮ್ಮ ಪಾಲಿನ ಸ್ವತ್ತನ್ನು” ಅಂತ ಒಂದೇ ಉಸಿರಿಗೆ ಹೇಳ್ತಾರೆ. ಬರೆದುಕೊಳ್ಳುವಾಗ ಯಾವುದು ಕೇಸು, ಯಾವುದು ಕಿಟಕಿ ಅಂತ ಯೋಚಿಸ್ತಾ ಕೂತರೆ ಮುಂದಿನ ಮಾತು ತಪ್ಪಿಹೋಗುತ್ತೆ. ಅದಕ್ಕೇ ಎಲ್ಲ ಬರ್ಕೋಬೇಕು, ಟೈಪ್ ಮಾಡುವಾಗ ಜರಡಿ ಹಿಡೀಬೇಕು. ಕ್ಲಾಸಿನಲ್ಲೂ ಹಾಗೇ ಮಾಡ್ತೀನಿ. ಮೇಷ್ಟ್ರು ಕೆಮ್ಮಿದ್ದೊಂದು ಬಿಟ್ಟು ಎಲ್ಲ ನನ್ನ ಪುಸ್ತಕದಲ್ಲಿದೆ.

ಈಗ ಅಪಕೀರ್ತಿ. ನಿನ್ನೆ ಮೇಷ್ಟ್ರು ದೊಡ್ಡ ಕುಟುಂಬ, ಚಿಕ್ಕ ಕುಟುಂಬ ಅಂತ ಪಾಠ ಮಾಡಿ, ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, “ಅಮ್ಮಾ, ನೀವು ಸಂಸಾರ ಮಾಡಿದೋರು. ಯಾವುದು ವಾಸಿ? ನಿಮಗೇನನ್ನಿಸುತ್ತೆ?” ಅಂದರು. ಎದ್ದು ನಿಂತೆ. ಹಾಳೆ ತಿರುಗಿಸಿ ಹೋದ ವಾರ ಅವರೇ ಹೇಳಿದ್ದನ್ನು ಗಟ್ಟಿಯಾಗಿ ಓದಿದೆ. “ಅದು ನಾನು ಹೇಳಿದ್ದು. ನಿಮಗೇನನ್ನಿಸುತ್ತೆ ಅಂತ ಕೇಳಿದೆ” ಅಂದರು. ಗರ ಬಡಿದವಳ ಹಾಗೆ ನಿಂತೆ. ಕಡೆಗೆ “ಕೂತ್ಕೊಳ್ಳಿ” ಅಂದರು. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕೆಂದರು.

ಅವರಿಗೇನು ಬಂದಿದೆ ರೋಗ? ಪಾಠ ಮಾಡೋರು ಪಾಠ ಮಾಡಬೇಕು, ಕೇಳೋರು ಕೇಳಬೇಕು. ನನಗೇನನ್ನಿಸಿದರೆ ಅವರಿಗೇನಾಗಬೇಕು? ಬಸ್ಸಲ್ಲಿ ಮನೆವರೆಗೂ ಹಲ್ಲು ಕಡ್ಕೊಂಡು ಬಂದೆ.

ಇಂತಿ,
ಅಮ್ಮ

ಸೆಪ್ಟೆಂಬರ್ ೯

ಅಮ್ಮಾ,

ಬೇಜಾರು ಮಾಡ್ಕೋಬೇಡ. ಮಾಡ್ಕೊಂಡ್ರೂ ಪರವಾಗಿಲ್ಲ. ನಿಮ್ಮ ಮೇಷ್ಟ್ರು ಕೇಳಿದ್ದನ್ನ ನಾನೂ ಒಂದು ಸಲ ಕೇಳಿದ್ದೆ.

ನಾನು ಕಾಲೇಜು ಬಿಡ್ತೀನಿ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ ದಿನ. ನೀನು “ನಿಮ್ಮಪ್ಪ ಬೇಡ ಅಂತಾರೆ” ಅಂದೆ. “ನಿಮ್ಮಜ್ಜಿ ಹಾಗಾದ್ರೆ ಮದುವೆ ಮಾಡಿ ಅಂತಾರೆ” ಅಂದೆ. “ಲಾಯರು ಅಂಕಪಟ್ಟಿ ಆದ್ರೂ ಕೈಗೆ ಬರಲಿ ಅಂತಾರೆ” ಅಂದೆ. ಊರಿನವರ ಅಭಿಪ್ರಾಯ ಎಲ್ಲ ಒಪ್ಪಿಸಿದೆ. “ಸರಿ, ನೀನೇನಂತೀಯ?” ಅಂತ ನಾನು ಕೇಳಿದೆ. ನೀನು ಒಲೆ ಒರೆಸ್ತಾ ಇದ್ದೆ. ಒರೆಸ್ತಾನೇ ಇದ್ದೆ. ನಾನು ಬ್ಯಾಗು ತುಂಬೋಕೆ ಹೋದೆ.

ನೀನು ಬೈದಿದ್ರೆ ಬಹುಶಃ ನಿಲ್ತಿದ್ದೆ, ಹೋಗು ಅಂದಿದ್ರೆ ನಗ್ತಾ ಬರ್ತಿದ್ದೆ. ಎರಡೂ ಇಲ್ಲದೆ ಬಸ್ಸು ಹತ್ತಿದೆ.

ಬಿಡು. ಹಿಟ್ಟು ಉಬ್ಬಿ ಪಾತ್ರೆ ದಾಟ್ತಿದೆ, ಹೋಗ್ಬೇಕು.

ಕಡ್ಡಿ

ಡಿಸೆಂಬರ್ ೧೨

ಕಡ್ಡಿಗೆ,

ವಿಷಯ: ನಾನು ಕಳ್ಳಿ.

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೀಲಿಲ್ಲ. ಮೂರು ಸಲ ಕೂತೆ, ಆಗಲಿಲ್ಲ. ಈಗಲೂ ಅದಕ್ಕೆ ಬರೀತಿಲ್ಲ. ಇದು ಬೇರೆ.

ಪರೀಕ್ಷೆ ಬರೆದೆ. ಸಮಾಜಶಾಸ್ತ್ರ ಅಂತೂ ಸರಾಗ. ಪ್ರಶ್ನೆ ನೋಡಿದ ಕೂಡಲೇ ಮೇಷ್ಟ್ರ ದನಿ ಕಿವಿಯಲ್ಲಿ ಶುರುವಾಯ್ತು, ಪೆನ್ನು ಅದರ ಹಿಂದೆ ಓಡಿತು. ಎರಡು ಸಲ ಹೆಚ್ಚುವರಿ ಹಾಳೆ ಇಸಕೊಂಡೆ. ಪಕ್ಕದವರು ಸೂರು ನೋಡ್ತಾ ಪೆನ್ನು ಕಚ್ಚುತ್ತಿದ್ದರೆ ನನಗೆ ಒಳಗೊಳಗೇ ಹೆಮ್ಮೆ. ಮನೆಗೆ ಬಂದು ನಿಮ್ಮಜ್ಜಿ ಎದುರು ಸ್ವಲ್ಪ ಜಂಬವನ್ನೂ ಕೊಚ್ಚಿದೆ.

ಮೊನ್ನೆ ನೋಟಿಸ್ ಬೋರ್ಡಿನಲ್ಲಿ ಎಲ್ಲರ ಅಂಕ ಹಾಕಿದ್ದಾರೆ, ನನ್ನ ನಂಬರಿನ ಎದುರು ‘ತಡೆಹಿಡಿದಿದೆ’ ಅಂತ ಕೆಂಪಕ್ಷರ. ಕಾರಣ ನಕಲು! ಬೇರೆ ಸೆಕ್ಷನ್ನಿನ ಲೆಕ್ಚರರು ತಿದ್ದಿದ್ದಂತೆ. ಹುಡುಗರ ಕೈಯಲ್ಲಿ ಓಡಾಡ್ತಿರೋ ಟೈಪ್ ಮಾಡಿದ ನೋಟ್ಸಿಗೂ ನನ್ನ ಉತ್ತರಕ್ಕೂ ಅಕ್ಷರ ಅಕ್ಷರ ಹೊಂದುತ್ತಂತೆ. ಎದುರಿಗಿಟ್ಟುಕೊಂಡೇ ಬರೆದಿರಬೇಕಂತೆ. ಅಲ್ಲಮ್ಮಾ, ಆ ನೋಟ್ಸು ಟೈಪ್ ಮಾಡಿದವಳೇ ನಾನು! ಅದನ್ನು ಓದಿದವರೆಲ್ಲ ಪಾಸು, ಬರೆದವಳು ಕಳ್ಳಿ.

ವಿಚಾರಣೆ ಇದೆಯಂತೆ. ನಕಲು ಅಂತ ತೀರ್ಮಾನ ಆದರೆ ಹೆಸರು ಹೊಡೆದುಹಾಕ್ತಾರೆ. ಲಾಯರು “ಒಂದು ನೋಟಿಸ್ ಜಡಿಯೋಣ, ಬರ್ಕೋ” ಅಂದರು. ಬೇಡ ಅಂದೆ. ನನ್ನ ಮೇಲಿನ ಕಳ್ಳತನದ ಆರೋಪಕ್ಕೂ ನಾನೇ ಡಿಕ್ಟೇಷನ್ ತಗೋಬೇಕಾ? ನಿಮ್ಮಪ್ಪ ಎಲ್ಲ ಕೇಳಿ, “ಯಾಕೆ ಬೇಕಿತ್ತು ಈ ಉಸಾಬರಿ” ಅಂದರು. ಅವತ್ತು ಅಡುಗೆ ಮಾಡಲಿಲ್ಲ ನಾನು.

ನಮ್ಮ ಕ್ಲಾಸಿನ ಹುಡುಗೀರು ಈಗ ನನ್ನ ಪಕ್ಕ ಕೂರಲ್ಲ.

ಅಮ್ಮ

ಡಿಸೆಂಬರ್ ೧೮

ಅಮ್ಮಾ,

ಓದಿ ರಕ್ತ ಕುದೀತು. ಯಾರವರು? ಹೆಸರು ಹೇಳು, ಬಂದು ಲಟ್ಟಣಿಗೇಲಿ ಲಟ್ಟಿಸ್ತೀನಿ. ಮನೇಲಿ ಬೇರೆಯವರ ಪೆನ್ಸಿಲು ಕೂಡ ಮುಟ್ಟದವಳು ನೀನು!

ನೀನು ಅಲ್ಲಿ ಹೋಗಿ ಸುಮ್ಮನೆ ನಿಂತ್ಕೋಬೇಡ. ತಪ್ಪಾಯ್ತು ಗಿಪ್ಪಾಯ್ತು ಅಂದುಬಿಡಬೇಡ, ದಮ್ಮಯ್ಯ. ಬಾಯಿ ಬಿಟ್ಟು ಮಾತಾಡು. ಏನು ಬರೆದಿದ್ದೆ ಅಂತ ಓದಿ ತೋರಿಸಿ ಅಂತ ಕೇಳು.

ಏನಾಯ್ತು ಅಂತ ತಕ್ಷಣ ಬರಿ. ಇಲ್ಲಿ ಎಲ್ಲರೂ ಕೇಳ್ತಿದಾರೆ. ಯಜಮಾನಿ ಕೂಡ.

ಕಡ್ಡಿ

ಜನವರಿ ೮

ಕಡ್ಡಿಗೆ,

ವಿಷಯ: ಗೆದ್ದು ಸೋತಿದ್ದು.

ಪ್ರಿನ್ಸಿಪಾಲ್ ಮೇಡಂ, ತಿದ್ದಿದ ಲೆಕ್ಚರರು, ನಮ್ಮ ಮೇಷ್ಟ್ರು, ಮೂವರೂ ಸಾಲಾಗಿ ಕೂತಿದ್ದರು. ನನಗೆ ಕುರ್ಚಿ ಇಲ್ಲ. ನೀನು ಹೇಳಿದ ಹಾಗೇ ಕೇಳಿದೆ: “ನಾನು ಬರೆದಿದ್ದು ಓದಿ ತೋರಿಸಿ.”

ಮೇಷ್ಟ್ರೇ ತಗೊಂಡು ಓದೋಕೆ ಶುರು ಮಾಡಿದರು. ಮೊದಲ ಪುಟ ಮುಗಿಸಿ ಎರಡನೇದಕ್ಕೆ ಬಂದರು. “ಕುಟುಂಬ ಎನ್ನುವುದು ಬರೀ ಒಂದೇ ಸೂರಿನಡಿ ಇರುವವರ ಗುಂಪಲ್ಲ, ಅದೊಂದು, ಯಾರಪ್ಪಾ ಅಲ್ಲಿ, ಫ್ಯಾನ್ ಸ್ವಲ್ಪ ಕಡಿಮೆ ಮಾಡಿ, ಹಾಳೆ ಹಾರ್ತಿದೆ, ಅದೊಂದು ಪರಸ್ಪರ ಹೊಣೆಗಾರಿಕೆ.”

ಮೇಷ್ಟ್ರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅದೇ ಸಾಲನ್ನು ಮತ್ತೆ ಓದಿದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಾನು ಅದನ್ನೂ ಬರೆದಿದ್ದೇನಾ! ಮುಂದಿನ ಪುಟದಲ್ಲಿ “ಹಿಂದಿನ ಬೆಂಚು, ನಿದ್ದೆ ಬಂದ್ರೆ ಮನೆಗೆ ಹೋಗಿ” ಅನ್ನೋದೂ ಇತ್ತು. ಪ್ರಿನ್ಸಿಪಾಲ್ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ತಿದ್ದಿದ ಲೆಕ್ಚರರು “ನಾನು ಮೊದಲ ಪುಟ ಹೋಲಿಸಿ ನೋಡಿ ಬಿಟ್ಟಿದ್ದೆ” ಅಂತ ಗೊಣಗಿದರು.

ಟೈಪ್ ಮಾಡಿದ ನೋಟ್ಸಿನಲ್ಲಿ ಫ್ಯಾನೂ ಇಲ್ಲ, ನಿದ್ದೆಯೂ ಇಲ್ಲ. ಅದನ್ನೆಲ್ಲ ಜರಡಿ ಹಿಡಿದಿದ್ದೆನಲ್ಲ. ಪರೀಕ್ಷೆಯಲ್ಲಿ ಜರಡಿ ಹಿಡಿಯೋಕೆ ಪುರುಸೊತ್ತೆಲ್ಲಿ? ಕಿವಿಯಲ್ಲಿ ಬಂದಿದ್ದು ಕೈಗೆ, ಕೈಗೆ ಬಂದಿದ್ದು ಹಾಳೆಗೆ. ಯಾವ ಕಾಗದ ನೋಡಿಕೊಂಡೂ ಫ್ಯಾನ್ ನಕಲು ಮಾಡೋಕಾಗಲ್ಲ ಅಂತ ಮೂವರೂ ಒಪ್ಪಿದರು. ಆರೋಪ ವಜಾ.

ಸಂತೋಷವಾಗಿ ಹೊರಡೋಕೆ ಬ್ಯಾಗು ಎತ್ತಿದೆ. ಆಗ ಮೇಷ್ಟ್ರು, “ಕಳ್ಳತನ ಅಲ್ಲ ಸರಿ. ಆದರೆ ಇದಕ್ಕೆ ನಾನು ಅಂಕ ಹೇಗೆ ಹಾಕಲಿ? ಪ್ರಶ್ನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂತಿದೆ. ಇದು ನನ್ನ ಉತ್ತರ. ನಿಮ್ಮದು ಎಲ್ಲಿ?” ಅಂದರು. ಗಿಣಿಪಾಠಕ್ಕೆ ಅಂಕ ಇಲ್ಲವಂತೆ. ಆ ಪತ್ರಿಕೆ ಫೇಲು. ಮಾರ್ಚ್ ಶುರುವಿನಲ್ಲಿ ಮತ್ತೆ ಬರೆಯಬಹುದಂತೆ. ಆಗಲೂ ಹೋದರೆ ಈ ವರ್ಷ ಪೂರ್ತಿ ಹೋದಂತೆ.

ಎಂಥ ಅನ್ಯಾಯ ನೋಡು! ಅವರು ಹೇಳಿದ್ದಕ್ಕಿಂತ ಬೇರೆ ಬರೆದರೆ ತಪ್ಪು ಅಂತ ಹುಡುಗರಿಗೆ ಅಂಕ ಕಳೀತಾರೆ, ಅವರು ಹೇಳಿದ್ದನ್ನೇ ಬರೆದರೆ ನನಗೆ ಸೊನ್ನೆ. ಇದಕ್ಕಿಂತ ಕಳ್ಳಿ ಅನ್ನಿಸಿಕೊಂಡಿದ್ದೇ ವಾಸಿಯಾಗಿತ್ತು, ಸಿಟ್ಟಾದರೂ ಮಾಡಬಹುದಿತ್ತು. ಈಗ ಸಿಟ್ಟು ಯಾರ ಮೇಲೆ ಅಂತಲೇ ಗೊತ್ತಾಗ್ತಿಲ್ಲ. ಹುಚ್ಚು ಹಿಡಿದ ಹಾಗಾಗಿದೆ.

ಸಾಕು, ಬಿಟ್ಟುಬಿಡ್ತೀನಿ. ನಿಮ್ಮಜ್ಜಿ “ನಾನು ಹೇಳಿರಲಿಲ್ವಾ” ಅಂದಿದ್ದಾಯ್ತು. ಲಾಯರು “ಒಳ್ಳೇದಾಯ್ತು, ಸಂಜೆ ಕೆಲಸ ಬೇಕಾದಷ್ಟು ಬಾಕಿ ಇದೆ” ಅಂದಿದ್ದೂ ಆಯ್ತು. ನಿಮ್ಮಪ್ಪನನ್ನು ಕೇಳಿದರೆ, “ನಿನಗೆ ಹೇಗನ್ನಿಸುತ್ತೋ ಹಾಗೆ ಮಾಡು” ಅಂದರು. ಕೈಯಲ್ಲಿದ್ದ ಸೌಟು ಬಿಸಾಕಿದೆ. ಎಲ್ಲರಿಗೂ ಅದೊಂದೇ ಮಾತು ಸಿಕ್ಕಿಬಿಟ್ಟಿದೆ!

ಬಿಡಲಾ, ಬರೀಲಾ? ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ.

ಅಮ್ಮ

ಜನವರಿ ೧೫

ಅಮ್ಮಾ,

ಫ್ಯಾನಿನ ಕಥೆ ಓದಿ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. ಯಜಮಾನಿಗೆ ಓದಿ ಹೇಳಿದೆ, ಅವರಂತೂ ಹಿಟ್ಟಿನ ಮೂಟೆ ಮೇಲೆ ಕೂತುಬಿಟ್ಟರು. ಆಮೇಲೆ ಕೊನೇ ಸಾಲಿಗೆ ಬಂದೆ, ನಗು ಆರಿಹೋಯ್ತು.

ನಾನು ಹೇಳಲ್ಲ.

ಬಿಡು ಅಂತಾನೂ ಹೇಳಲ್ಲ, ಬರಿ ಅಂತಾನೂ ಹೇಳಲ್ಲ. ಹೇಳಿದ್ರೆ ಅದನ್ನೂ ಬರ್ಕೊಂಡುಬಿಡ್ತೀಯ. ಆಮೇಲೆ ಪಾಸಾದ್ರೆ “ಮಗಳು ಹೇಳಿದ್ಲು”, ಫೇಲಾದ್ರೆ “ಮಗಳು ಹೇಳಿದ್ಲು”. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರ ಸಾಲಿಗೆ ನನ್ನನ್ನ ಸೇರಿಸಬೇಡ. ನಿಮ್ಮ ಮೇಷ್ಟ್ರ ಮೇಲೆ ನನಗೂ ಸಿಟ್ಟಿದೆ, ಆದ್ರೂ ಅವರು ಕೇಳಿದ್ದು ಸರಿ ಇದೆ.

ನಾನು ಕೇಳಿದ್ದೂ ಹಾಗೇ ನಿಂತಿದೆ. ನಾನು ಕಾಲೇಜು ಬಿಟ್ಟೆ. ಅಪ್ಪ ಏನಂತಾರೆ ಗೊತ್ತು, ಅಜ್ಜಿ ಏನಂತಾರೆ ಗೊತ್ತು, ಬೀದಿ ಕೊನೇ ಮನೆಯವರು ಏನಂತಾರೆ ಅನ್ನೋದೂ ಗೊತ್ತು. ನೀನೇನಂತೀಯ ಅಂತ ಗೊತ್ತಿಲ್ಲದೆ ಒಂದು ವರ್ಷ ಆಗ್ತಾ ಬಂತು. ಅದು ತಿಳಿಯೋವರೆಗೂ ನಾನು ಕಾಗದ ಬರೆಯಲ್ಲ.

ಕೋಪದಲ್ಲಿರೋ
ಕಡ್ಡಿ

ಮಾರ್ಚ್ ೨

ಮಗಳೇ,

ಬರೆದೆ. ನಿನ್ನೆ.

ಅರ್ಜಿ ತುಂಬಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ, ನಿನಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಒಂದೊಂದು ಮಾತು ಸೇರಿಸ್ತಾರೆ, ಆಮೇಲೆ ನನ್ನದು ಯಾವುದು, ಅವರದು ಯಾವುದು ಅಂತ ಹುಡುಕ್ತಾ ಕೂರಬೇಕಾಗುತ್ತೆ.

ಪ್ರಶ್ನೆ ಇಷ್ಟೇ: ‘ವಯಸ್ಸಾದವರನ್ನು ನೋಡಿಕೊಳ್ಳುವುದು ಮನೆಯವರ ಕರ್ತವ್ಯವೇ? ನಿಮ್ಮ ಅಭಿಪ್ರಾಯ ತಿಳಿಸಿ.’ ಓದಿದ ಕೂಡಲೇ ಮೇಷ್ಟ್ರ ದನಿ ಶುರುವಾಯ್ತು. ಪೆನ್ನು ಕೆಳಗಿಟ್ಟೆ. ಅವರು ಮಾತು ಮುಗಿಸಲಿ ಅಂತ ಕಾದೆ. ಆಮೇಲೆ ಲಾಯರ ದನಿ, ನಿಮ್ಮಪ್ಪನ ದನಿ, ನಿಮ್ಮಜ್ಜಿಯ ದನಿ. ಒಬ್ಬೊಬ್ಬರದೂ ಮುಗಿಯೋ ಹೊತ್ತಿಗೆ ಪರೀಕ್ಷೆಯೇ ಅರ್ಧ ಕಳೆದಿತ್ತು. ಸೂಪರ್‌ವೈಸರು ಎರಡು ಸಲ ಬಂದು “ಹುಷಾರಾಗಿದೀರಾ?” ಅಂತ ಕೇಳಿದರು. ನನಗೆ ಅಳು ಬರೋದೊಂದು ಬಾಕಿ. ಎಲ್ಲ ದನಿಯೂ ನಿಂತ ಮೇಲೆ ನೋಡಿದರೆ ಒಳಗೆ ಏನೂ ಇಲ್ಲ ಕಣೇ, ಖಾಲಿ. ಇಷ್ಟು ವರ್ಷ ಬದುಕಿ ಒಳಗೆ ಏನೂ ಇಲ್ಲವಾ ಅಂತ ಹೆದರಿಕೆ ಆಯ್ತು.

ಆಮೇಲೆ ನಿಮ್ಮಜ್ಜಿಯ ಸೊಂಟ ಮುರಿದ ವರ್ಷ ನೆನಪಾಯ್ತು. ಬಂದವರೆಲ್ಲ ಹಾಸಿಗೆ ಪಕ್ಕ ಕೂತು, “ಎಷ್ಟು ಚೆನ್ನಾಗಿ ನೋಡ್ಕೋತಾರಪ್ಪ ಈ ಮನೇಲಿ” ಅಂದು ಹೋಗ್ತಿದ್ದರು. ಅಜ್ಜಿಯ ಮಲಮೂತ್ರ ಎತ್ತುತ್ತಿದ್ದವಳು ನಾನೊಬ್ಬಳೇ. ಕೋಪ ಬಂತು. ಆ ಕೋಪದಲ್ಲಿ ಒಂದು ಸಾಲು ಬರೆದೆ: ‘ಪ್ರೀತಿ ಮನೆಮಂದಿಯೆಲ್ಲರ ಬಾಯಲ್ಲಿ ಇರುತ್ತದೆ, ಬಕೆಟ್ಟು ಮಾತ್ರ ಒಬ್ಬಳ ಕೈಯಲ್ಲಿ ಇರುತ್ತದೆ.’ ಇದು ಯಾರು ಹೇಳಿದ್ದು ಅಂತ ಹಿಂದೆ ಮುಂದೆ ಹುಡುಕಿದೆ. ಯಾರೂ ಹೇಳಿದ್ದಲ್ಲ. ಅದಾದ ಮೇಲೆ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಜನ್ಮದಲ್ಲೇ ಅಷ್ಟು ಗಲೀಜು ಹಾಳೆ ನನ್ನ ಕೈಯಿಂದ ಹೋಗಿಲ್ಲ. ಒಂದು ಪ್ರಶ್ನೆ ಪೂರ್ತಿ ಬಿಟ್ಟೆ. ಪಾಸಾಗೋದು ಅನುಮಾನ.

ಈಗ ನೀನು ಕೇಳಿದ್ದು.

ನೀನು ಕಾಲೇಜು ಬಿಟ್ಟಿದ್ದು ತಪ್ಪು. ಅವತ್ತೂ ತಪ್ಪು ಅನ್ನಿಸಿತ್ತು, ಇವತ್ತೂ ಅನ್ನಿಸುತ್ತೆ. ನಿನಗೆ ಹಿಟ್ಟು ಇಷ್ಟ, ಒಲೆ ಇಷ್ಟ, ಗೊತ್ತು. ಹಿಟ್ಟೇನು ಓಡಿಹೋಗ್ತಿತ್ತಾ? ಇನ್ನೊಂದು ವರ್ಷ ಕಾಯ್ತಿತ್ತು. ನನ್ನನ್ನು ಕಾಲೇಜಿಂದ ಎಬ್ಬಿಸಿ ಕರ್ಕೊಂಡು ಬಂದರು. ನೀನು ಯಾರೂ ಎಬ್ಬಿಸದೆ ನೀನಾಗಿಯೇ ಎದ್ದು ಬಂದೆ, ಸಿನಿಮಾ ಚೆನ್ನಾಗಿಲ್ಲ ಅಂತ ಮಧ್ಯೆ ಎದ್ದು ಬರ್ತಾರಲ್ಲ, ಹಾಗೆ. ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಬಾಯಿ ತೆಗೆದರೆ ಏನು ಬೀಳುತ್ತೋ ಅಂತ ನನಗೇ ಭಯ ಆಯ್ತು. ಆ ಸಿಟ್ಟು ಇನ್ನೂ ಇದೆ. ಇಟ್ಟುಕೋ, ಇದು ನನ್ನದೇ. ನಿಮ್ಮಪ್ಪನದಲ್ಲ, ಅಜ್ಜಿಯದಲ್ಲ.

ಅಮ್ಮ

ಮಾರ್ಚ್ ೧೦

ಅಮ್ಮಾ,

ನಿನ್ನ ಕಾಗದ ಓದ್ತಾ ಒಂದು ಟ್ರೇ ಬನ್ನು ಸೀದುಹೋಯ್ತು. ಯಜಮಾನಿ ಸಹಸ್ರನಾಮ ಮಾಡಿದ್ರು. ನಾನು ಹಿಂದಿನ ಬಾಗಿಲಲ್ಲಿ ಕೂತು ಅತ್ತೆ. ಬನ್ನಿಗಲ್ಲ.

ನೀನು ಹೇಳಿದ್ದು ನಾನು ಒಪ್ಪಲ್ಲ. ಒಂದಕ್ಷರಾನೂ ಒಪ್ಪಲ್ಲ. ಸಿನಿಮಾ ಮಧ್ಯೆ ಎದ್ದು ಬಂದೆ ಅಂತೀಯ. ಅಮ್ಮಾ, ಅದು ನನ್ನ ಟಿಕೆಟ್ಟೇ ಅಲ್ಲ. ಹಾಜರಿ ಕರೆದಾಗ ‘ಎಸ್ ಸರ್’ ಅಂತಿದ್ದಿದ್ದು ನಾನು, ಕೂತಿದ್ದಿದ್ದು ನಿನ್ನ ಜಾಗದಲ್ಲಿ. ಯಾವ ವಿಷಯ ತಗೋಬೇಕು ಅನ್ನೋದರಿಂದ ಹಿಡಿದು ಯಾವ ಬಣ್ಣದ ಬ್ಯಾಗು ಅನ್ನೋವರೆಗೂ ನಿನ್ನ ಕಣ್ಣಲ್ಲಿ ಆಸೆ ಕಾಣ್ತಿತ್ತು, ಬಾಯಲ್ಲಿ ಮಾತ್ರ ಏನೂ ಇಲ್ಲ. ಎರಡು ವರ್ಷ ಓದಿದ್ದು ನಿನಗೋಸ್ಕರ. ಮೂರನೇ ವರ್ಷಕ್ಕೆ ಉಸಿರು ಕಟ್ಟಿತು. ನಿನಗೆ ಬೇಕಿದ್ದಿದ್ದು ನೀನೇ ಹೋಗಿ ತಗೊಂಡೆಯಲ್ಲ ಈಗ, ಅದನ್ನ ಮೊದಲೇ ಮಾಡಬಾರದಿತ್ತಾ?

ಬೈಕೋ. ಆದ್ರೆ ಸುಮ್ಮನಿರಬೇಡ.

ಕಡ್ಡಿ

ಏಪ್ರಿಲ್ ೪

ಮಗಳೇ,

ಪಾಸಾಗಿದೀನಿ. ಕೂದಲೆಳೆಯಲ್ಲಿ. ಒಂದು ಅಂಕ ಕಮ್ಮಿ ಬಿದ್ದಿದ್ದರೂ ವರ್ಷ ಹೋಗ್ತಿತ್ತು.

ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದು ಉತ್ತರಪತ್ರಿಕೆ ತೋರಿಸಿದರು. ಬಕೆಟ್ಟಿನ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇದನ್ನು ಒಪ್ಪಲಾಗದು’ ಅಂತ ಬರೆದಿದ್ದಾರೆ. ನೋಡಿ ಪಿತ್ತ ನೆತ್ತಿಗೇರಿತು. “ಒಪ್ಪದಿದ್ದ ಮೇಲೆ ಅಂಕ ಯಾಕೆ ಹಾಕಿದ್ರಿ?” ಅಂದೆ. “ಒಪ್ಪದೆ ಇರೋಕೆ ಈ ಸಲ ಏನೋ ಒಂದು ಇತ್ತಲ್ಲಮ್ಮ” ಅಂದರು. ಅಷ್ಟಕ್ಕೆ ಸುಮ್ಮನೆ ಬರೋದಲ್ವಾ? ಬರಲಿಲ್ಲ. “ನೀವು ಎಷ್ಟು ಸಲ ಬಕೆಟ್ಟು ಎತ್ತಿದೀರಿ?” ಅಂತ ಕೇಳಿದೆ. ಅವರು ಏನೋ ಅಂದರು, ನಾನು ಏನೋ ಅಂದೆ. ವಾದ ಮಾಡ್ತಾ ಮಾಡ್ತಾ ಮೆಟ್ಟಿಲಿಳಿದು ಗೇಟಿನವರೆಗೂ ಬಂದೆವು. ಅವರೂ ಸೋಲಲಿಲ್ಲ, ನಾನೂ ಸೋಲಲಿಲ್ಲ, ನನ್ನ ಬಸ್ಸು ಹೋಯ್ತು.

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನನ್ನ ಜಾಗದಲ್ಲಿ ಕೂತಿದ್ದೆ ಅಂದೆಯಲ್ಲ, ಅದು ಕರುಳಿಗೆ ನಾಟಿತು. ಅರ್ಧ ನಿಜ ಅದು. ಇನ್ನರ್ಧ ನಾನು ಒಪ್ಪಲ್ಲ, ಸಾಯೋವರೆಗೂ ಒಪ್ಪಲ್ಲ. ಯಾವ ಅರ್ಧ ಅಂತ ಬರೆಯೋಕೆ ಮೂರು ಹಾಳೆ ಹರಿದೆ. ಇದು ಬರೆದು ಮುಗಿಯೋ ಮಾತಲ್ಲ.

ಅದಕ್ಕೇ ಶನಿವಾರ ಬಸ್ಸು ಹತ್ತುತ್ತಿದೀನಿ. ಭಾನುವಾರ ಬೆಳಿಗ್ಗೆ ಹೊತ್ತಿಗೆ ನಿಮ್ಮ ಬೇಕರಿ ಮುಂದೆ ಇರ್ತೀನಿ. ಯಜಮಾನಿಗೆ ಹೇಳಿ ಸ್ವಲ್ಪ ಹೊತ್ತು ಬಿಡುವು ತಗೋ, ಮೊಣಕೈ ಬರೆ ಮೊದಲು ತೋರಿಸು, ಆಮೇಲೆ ಜಗಳ. ಲಾಯರಿಗೆ ರಜೆ ಬೇಕಾ ಅಂತ ಕೇಳಲಿಲ್ಲ, ರಜೆ ಅಂತ ಹೇಳಿದೆ. ನಿಮ್ಮಜ್ಜಿಗೆ ಎರಡು ದಿನ ನಿಮ್ಮಪ್ಪನೇ ನೀರು ಕಾಯಿಸಿ ಕೊಡ್ತಾರೆ.

ಬಟ್ಟೆ ಮಡಚಿ ಚೀಲಕ್ಕೆ ಹಾಕ್ತಿದ್ದರೆ ನಿಮ್ಮಪ್ಪ ಬಾಗಿಲಿಗೆ ಬಂದು ನಿಂತರು. “ಏನು ಇದ್ದಕ್ಕಿದ್ದ ಹಾಗೆ? ಅವಳೇನಾದ್ರೂ ಬಾ ಅಂದ್ಲಾ?” ಅಂದರು.

“ಇಲ್ಲ. ನನಗೇ ಹೋಗ್ಬೇಕು ಅನ್ನಿಸ್ತು” ಅಂದೆ.

ಅಮ್ಮ